ಒಂಬತ್ತು ಹೋಟೆಲು, ಒಂದು ತಟ್ಟೆ ಪೊಂಗಲ್

ಅಂಬತ್ತೂರು, ಚೆನ್ನೈ
೨೨ ಜನವರಿ ೨೦೨೫

ಪ್ರೀತಿಯ ಮಗಳು ಪಾವನಾಗೆ,

ನಿನ್ನ ಕುತ್ತಿಗೆ ನೋವು ಹೇಗಿದೆ? ದಾವಣಗೆರೆಯ ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲಾ ಎಣ್ಣೆ ಹಚ್ಚಿಕೊಂಡು ಟಿವಿ ಮುಂದೆ ಕೂತಿದ್ದೀಯೋ? ನಾನು ಆರೋಗ್ಯವಾಗಿದ್ದೇನೆ. ನಿನ್ನ ತಮ್ಮ ತೇಜಸ್ ಐದು ದಿನ ನನಗೆ ತಿನ್ನಿಸಿದ್ದನ್ನು ನೆನೆದರೆ ಇದೊಂದು ಪವಾಡ. "ಅಪ್ಪಾ, ಒಂದು ವಾರ ಕೊಂಕು ತೆಗೆಯದೆ ತಿಂದು ಬಾ" ಎಂದು ಅರಸೀಕೆರೆಯಲ್ಲಿ ರೈಲು ಹತ್ತಿಸುವಾಗ ನೀನು ಹೇಳಿದ್ದೆ. ಮೂವತ್ತೆರಡು ವರ್ಷ ರೈಲ್ವೆ ಕ್ಯಾಂಟೀನುಗಳ ಸಾಂಬಾರಿಗೆ ಷರಾ ಬರೆದ ಇನ್‌ಸ್ಪೆಕ್ಟರಿಗೆ ಹೇಳುವ ಮಾತೇ ಅದು?

ಸೊಸೆ ನೇಹಾ ಫೋನಿನಲ್ಲಿ ಒಂಬತ್ತು ಹೋಟೆಲುಗಳ ಪಟ್ಟಿ ಇಟ್ಟುಕೊಂಡಿದ್ದಳು. 'ಸಾಯುವ ಮೊದಲು ತಿನ್ನಲೇಬೇಕಾದವು' ಎಂದು ತಲೆಬರಹ. ಎಪ್ಪತ್ತರ ಮಾವನಿಗೆ ಅದನ್ನು ಓದಿ ಹೇಳುವಾಗ ಅವಳಿಗೆ ಸ್ವಲ್ಪವೂ ಮುಜುಗರವಾಗಲಿಲ್ಲ, ಪಾಪ. ಮೊದಲನೆಯದು ಗಿಂಡಿ ಎಂಬ ಬಡಾವಣೆಯಲ್ಲಿ. ಮುಕ್ಕಾಲು ಗಂಟೆ ಫುಟ್‌ಪಾತಿನಲ್ಲಿ ನಿಲ್ಲಿಸಿ, ಹೆಸರು ಕೂಗಿ, ಒಳಗೆ ಬಿಟ್ಟರು. ಅಂಗಿಯ ಗುಂಡಿಯಷ್ಟು ಸಣ್ಣ ಇಡ್ಲಿಗಳನ್ನು ತುಪ್ಪದಲ್ಲಿ ಮುಳುಗಿಸಿ, ಮೇಲೆ ಚಟ್ನಿಪುಡಿ ಸುರಿದು ತಂದರು. ಇಡ್ಲಿಯ ಹುಳಿ ಮುಚ್ಚಲು ಅಷ್ಟು ತುಪ್ಪ ಬೇಕಾಗಿತ್ತು ಎಂಬುದು ನನಗೆ ಮೊದಲ ತುತ್ತಿಗೇ ಗೊತ್ತಾಯಿತು. ಆದರೆ ತಿನ್ನುವವರು ಯಾರು? ತೇಜಸ್ ಮತ್ತು ನೇಹಾ ಫೋಟೋ ತೆಗೆಯುತ್ತಿದ್ದರು. ಎದುರಿನ ಮೇಜಿನವರೂ ಅಷ್ಟೇ. ಇಡ್ಲಿ ಆರಿ ತಣ್ಣಗಾಯಿತು. ಎರಡನೆಯ ಕಡೆ ದೋಸೆಯೊಳಗೆ ಚೀಸು ತುಂಬಿಸಿದ್ದರು. ಆ ಬಗ್ಗೆ ಬರೆದು ಕಾಗದ ಹಾಳುಮಾಡುವುದಿಲ್ಲ.

ಮೂರನೆಯ ದಿನ ಕಾರಿನಲ್ಲಿ ಜಾಗವಿದೆಯೆಂದು ಕೆಳಗಿನ ಮನೆಯ ಜಲಜಾಕ್ಷಿಯವರನ್ನೂ ಕರೆದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದ ಹೆಂಗಸು, ಗಂಡ ತೀರಿಕೊಂಡು ಹತ್ತು ವರ್ಷವಾಯಿತಂತೆ. ಮೂರು ತಲೆಮಾರಿನ ಹಿಂದೆ ಕೊಳ್ಳೇಗಾಲದಿಂದ ಬಂದ ಮನೆತನ. ಕನ್ನಡದ ಅರ್ಧ ತಮಿಳಾಗಿಹೋಗಿದೆ. ಅಂದಿನದು ಬಾಳೆಲೆ ಊಟದ 'ಪಾರಂಪರಿಕ' ಹೋಟೆಲು. ಬಾಳೆಲೆಯೆಂದರೆ ಬಾಳೆಲೆಯ ಚಿತ್ರ ಅಚ್ಚಾದ ಕಾಗದ! ರಸಂ ಬಂತು. ನಾನು ಒಂದು ಚಮಚ ಬಾಯಿಗಿಟ್ಟು, ನಿನ್ನ ಮಾತು ನೆನಪಾಗಿ, ಸುಮ್ಮನೆ ನುಂಗಿದೆ. ಆಕೆ ನುಂಗಲಿಲ್ಲ. ಬಡಿಸುವವನನ್ನು ಕರೆದು, "ಎನ್ನಪ್ಪಾ ಇದು, ಈ ರಸಕ್ಕೆ ಹುಣಸೇಹಣ್ಣು ತೋರಿಸಿದ್ದೀರಾ, ಹಾಕಿದ್ದೀರಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ನಿಮ್ಮ ಮುಖಾನೇ ಹೇಳ್ತು. ಯಾಕೆ ಸುಮ್ಮನಿದ್ದೀರಿ?" ಎಂದು ಗದರಿದರು. ನಾಲ್ಕು ವರ್ಷದಿಂದ ನನ್ನನ್ನು ಯಾರೂ ಹಾಗೆ ಗದರಿರಲಿಲ್ಲ.

ಅಲ್ಲಿಂದಾಚೆ ನಾವಿಬ್ಬರೂ ಸೇರಿ ಈ ಊರಿನ ಹೆಸರುವಾಸಿ ತಿಂಡಿಗಳ ಮಾನ ಕಳೆದೆವು. ಸೌಕಾರ್‌ಪೇಟೆಯ ಗಲ್ಲಿಯಲ್ಲಿ ಎರಡು ಚಕ್ಕುಲಿಯ ನಡುವೆ ಸೌತೆಕಾಯಿ, ಟೊಮೆಟೊ, ಚಟ್ನಿ ಇಟ್ಟು ಸ್ಯಾಂಡ್‌ವಿಚ್ ಎಂದು ಕೊಡುತ್ತಾರೆ. ಕಚ್ಚಿದರೆ ಚಕ್ಕುಲಿ ಕೈಯಲ್ಲಿ ಪುಡಿ, ಟೊಮೆಟೊ ಅಂಗಿಯ ಮೇಲೆ. "ಚಕ್ಕುಲಿಗೂ ಮರ್ಯಾದೆ ಇಲ್ಲೆ, ಸೌತೆಕಾಯಿಗೂ ಇಲ್ಲೆ" ಎಂದರು ಜಲಜಾಕ್ಷಿ. ನನಗೆ ನಗು ತಡೆಯಲಾಗಲಿಲ್ಲ. ತೇಜಸ್ ಬೆರಗಾಗಿ, "ಅಪ್ಪಾ, ಕೆಮ್ಮುತ್ತಿದ್ದೀಯಾ?" ಎಂದು ಕೇಳಿದ. ನಾನು ನಗುವುದು ಹೇಗಿರುತ್ತದೆಂದು ಅವನಿಗೆ ಮರೆತೇ ಹೋಗಿದೆ.

ನಿನ್ನೆ ಬೆಳಿಗ್ಗೆ ತೇಜಸ್, ನೇಹಾ ಏಳುವ ಮೊದಲೇ ಆಕೆ ನನ್ನನ್ನು ಅಂಬತ್ತೂರು ಕೈಗಾರಿಕಾ ಎಸ್ಟೇಟಿಗೆ ನಡೆಸಿಕೊಂಡು ಹೋದರು. ಕಾರ್ಖಾನೆಯ ಗೇಟಿನ ಪಕ್ಕ ಒಂದು ತಳ್ಳುಗಾಡಿ, ಮುಂದೆ ಎರಡು ಬೆಂಚು. ಶಿಫ್ಟಿಗೆ ಹೊರಟವರು ಮಾತಿಲ್ಲದೆ ತಿನ್ನುತ್ತಿದ್ದರು. ಜಲಜಾಕ್ಷಿ ಪೊಂಗಲ್ ತಂದುಕೊಟ್ಟು, "ಗ್ರೇಟ್ ಅಂತ ಹೇಳಲ್ಲ. ಮೋಸ ಇಲ್ಲೆ, ಅಷ್ಟೇ" ಎಂದು ಎದುರಿಗೆ ಕೂತರು. ಪಾವನಾ, ಅದರಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ. ಮೆಣಸು ಸರಿ, ಜೀರಿಗೆ ಸರಿ, ಅಕ್ಕಿ ಬೆಂದಿದೆ, ಮುದ್ದೆಯಾಗಿಲ್ಲ. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ನಿನ್ನ ಅಮ್ಮ ಹೋದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತೇನೆಂದು ನಿನಗೆ ಹೇಳಿರಲಿಲ್ಲ. ಪಾತ್ರೆಯಿಂದ ನೇರವಾಗಿ, ರೇಡಿಯೋ ಹಾಕಿಕೊಂಡು. ಅನ್ನ ಹಳಸಿದ್ದರೂ ಹಳಸಿದೆ ಎಂದು ಹೇಳಲು ಯಾರಿರುತ್ತಾರೆ? ಇದನ್ನೂ ಆಕೆಗೆ ಹೇಳಿಬಿಟ್ಟೆ. ಕನಿಕರ ತೋರಿಸಲಿಲ್ಲ ಪುಣ್ಯಾತ್ಗಿತ್ತಿ. "ನಾನು ಕೂತ್ಕೊಂಡೇ ತಿಂತೀನಿ. ಅದೂ ಅಷ್ಟೇ ಬೋರು" ಎಂದು ತಟ್ಟೆ ತೊಳೆಯಲು ಎದ್ದರು.

ನಿನ್ನ ಗಂಡನಿಗೆ ನನ್ನ ಆಶೀರ್ವಾದ ತಿಳಿಸು. ಅವರ ಊರಿನ ಬೆಣ್ಣೆದೋಸೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದನ್ನು ತಿಳಿಸಬೇಡ. ನಿನ್ನ ಮನೆಯ ಒಲೆ ತಣ್ಣಗಾಗದಿರಲಿ, ಕುತ್ತಿಗೆ ನೆಟ್ಟಗಿರಲಿ.

ನಿನ್ನ ಅಪ್ಪ,
ಶಿವರಾಮು

ಮರೆತಿದ್ದೆ: ಇಂದು ಬೆಳಿಗ್ಗೆ ಅದೇ ಬೆಂಚಿನಲ್ಲಿ, ಇನ್ನು ಮೇಲೆ ಒಟ್ಟಿಗೇ ಊಟ ಮಾಡೋಣವೇ, ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬರೋಣವೇ ಎಂದು ಜಲಜಾಕ್ಷಿಯವರನ್ನು ಕೇಳಿದೆ. ಆಕೆ ತಟ್ಟೆಯಲ್ಲಿದ್ದ ಪೊಂಗಲ್ ಪೂರ್ತಿ ಮುಗಿಸಿದರು. ಆಮೇಲೆ, "ನಿಮ್ಮ ಮಗಳು ಸರಿ ಅಂದ್ರೆ ಬರ್ತೀನಿ. ಅವಳಿಗೆ ಮನಸ್ಸಿಲ್ಲಾಂದ್ರೆ ವೇಂಡಾ ಸಾರ್" ಎಂದರು. ತೇಜಸ್‌ಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ. ದಯವಿಟ್ಟು ಫೋನ್ ಮಾಡಬೇಡ. ನೀನು ಫೋನಿನಲ್ಲಿ ಅತ್ತರೆ ಬೇಡವೆಂದು ಹೇಳಿಬಿಡುತ್ತೇನೆ, ನನಗೆ ಬೇಡವೆನ್ನಲು ಇಷ್ಟವಿಲ್ಲ. ಎರಡು ಸಾಲು ಬರೆದು ಹಾಕು. ಉತ್ತರ ಬರುವ ತನಕ ನಾನು ಇಲ್ಲಿಯೇ ಇರುತ್ತೇನೆ.