ಯಾರೂ ನಗ್ರಿ ಅನ್ನಬಾರದು

ಹೊಸಪೇಟೆ
೧೧ ಫೆಬ್ರವರಿ ೨೦೨೫

ಮಗಳು ಅನ್ನಪೂರ್ಣಳಿಗೆ,

ನಿನ್ನ ಅವ್ವ ಮನಸಾರೆ ಹರಸಿ ಬರೆಯುತ್ತಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ಮಂಡಿನೋವು ಅದರ ಪಾಡಿಗೆ ಅದು ಇದೆ, ನನ್ನ ಪಾಡಿಗೆ ನಾನಿದ್ದೇನೆ. ನನ್ನ ಹತ್ತಿರ ಇರುವ ನಿನ್ನ ಮಗಳು ಶೈಲಜಾ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ ಎಂಬುದೊಂದನ್ನು ಬಿಟ್ಟರೆ ಅವಳ ಮೇಲೆ ನನ್ನ ದೂರಿಲ್ಲ. ಸಂಡೂರಿನಲ್ಲಿ ಈಗ ಬೆಳಗಿನ ಚಳಿ ಇರುತ್ತದೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ.

ಕಾಗದ ತಡವಾಯಿತು. ಕೆಲಸವಿತ್ತು ಎಂದು ಸುಳ್ಳು ಬರೆಯಲಾರೆ. ಸಂಕ್ರಾಂತಿ ಮುಗಿದ ಮೇಲೆ ಅಳಿಯಂದಿರು ಬಂದಿದ್ದರಲ್ಲ, ಅವರ ಬಾಯಿಂದ ನೀನು ಹೇಳಿ ಕಳಿಸಿದ ಮಾತು ಕೇಳಿ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ನಾನು ಪೆನ್ನು ಮುಟ್ಟುವುದಿಲ್ಲ. ಅದು ಇಳಿಯಲು ಇಷ್ಟು ದಿನ ಹಿಡಿಯಿತು. ಪೂರ್ತಿ ಇಳಿದಿಲ್ಲ, ಆದರೂ ಅಕ್ಷರ ನೆಟ್ಟಗೆ ಬರುತ್ತಿವೆ.

ಪಾಪ ಕೊಟ್ರಯ್ಯನವರು ಚಹಾದ ಲೋಟ ಹಿಡಿದುಕೊಂಡು, ನೆಲ ನೋಡುತ್ತಾ ಹೇಳಿದರು: "ಅತ್ತಿ, ಆಕಿ ಮಗಳ ಮದುವಿಗೆ ಬರ್ತಾಳಂತ. ಆದ್ರ ವಿಡಿಯೋದಾಗ ಬರಂಗಿಲ್ಲಂತ. ಅಡಿಗಿ ಮಾಡೋರ ಕಡೆ ಇರ್ತಾಳಂತ. ಅರಿಶಿಣದ ಶಾಸ್ತ್ರಕ್ಕ ನಮ್ಮ ತಂಗಿ ರೇಣುಕಾ ಕುಂದ್ರಲಿ ಅಂತಾಳ." ರೇಣುಕಾ ಒಳ್ಳೆಯ ನಾದಿನಿ, ಒಪ್ಪಿದೆ. ಆದರೆ ಶೈಲಜಾಳನ್ನು ಹೆತ್ತವಳು ಅವಳಲ್ಲ.

ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ ಶೈಲಜಾ ಒಳಗೆ ಬಂದು ಒಂದೇ ಮಾತು ಅಂದಳು: "ಅಮ್ಮ ಇಲ್ಲದ ವಿಡಿಯೋ ನನಗ ಬ್ಯಾಡ. ನನ್ನ ಮದುವ್ಯಾಗ ಕ್ಯಾಮೆರಾನೇ ಬ್ಯಾಡ." ಕಂಪ್ಲಿಯಿಂದ ಸಂಡೂರಿನ ತನಕ ಮಂದಿಯ ಮದುವೆಗಳನ್ನೆಲ್ಲ ವಿಡಿಯೋ ಹಿಡಿದು ಹೆಸರು ಮಾಡಿದ ಹುಡುಗಿ ತನ್ನ ಮದುವೆಗೆ ಕ್ಯಾಮೆರಾ ಬೇಡ ಎನ್ನುತ್ತಾಳೆ. ನೀನು ಕಾಣಿಸಿಕೊಳ್ಳಲಾರೆ ಎನ್ನುತ್ತೀ, ಅವಳು ಹಿಡಿಸಲಾರೆ ಎನ್ನುತ್ತಾಳೆ. ಯುಗಾದಿ ಮುಗಿಯುತ್ತಿದ್ದಂತೆ ಮದುವೆ. ಇಬ್ಬರಿಗೂ ಈ ಹಠ ಯಾರಿಂದ ಬಂತು ಎಂದು ಮಾತ್ರ ಕೇಳಬೇಡ.

ನಿನ್ನ ಕಷ್ಟ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಎರಡು ವರ್ಷದ ಹಿಂದೆ ಮುಖದ ಎಡಭಾಗಕ್ಕೆ ಲಕ್ವ ಹೊಡೆದಾಗ ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕುಳಿತವಳು ನಾನು. ಕಣ್ಣು ಸರಿಹೋಯಿತು, ಮಾತು ಸರಿಹೋಯಿತು. ನಕ್ಕಾಗ ಮಾತ್ರ ಬಾಯಿ ಒಂದು ಕಡೆಗೆ ಎಳೆಯುತ್ತದೆ. ಡಾಕ್ಟರು ಇನ್ನು ಇಷ್ಟೇ ಅಂದರು. ಅಂದಿನಿಂದ ನಿನ್ನದೊಂದು ಫೋಟೋ ಯಾರ ಫೋನಿನಲ್ಲೂ ಇಲ್ಲ. ಯಾರಾದರೂ ಫೋನು ಎತ್ತಿ ಹಿಡಿದರೆ ನಿನಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ.

ಬುದ್ಧಿ ಹೇಳುವ ಮೊದಲು ನನ್ನ ಹೊಸ ಉದ್ಯೋಗದ ಸುದ್ದಿ ಹೇಳುತ್ತೇನೆ. ಶೈಲಜಾ ನಿನಗೆ ಅರ್ಧಂಬರ್ಧ ಹೇಳಿರುತ್ತಾಳೆ.

ದೀಪಾವಳಿಗೆ ಸ್ವಲ್ಪ ಮೊದಲು ಕಂಪ್ಲಿಯ ರೈಸ್ ಮಿಲ್ಲಿನವರ ಮಗಳಿಗೂ ಕಮಲಾಪುರದ ಬಾಳೆ ವ್ಯಾಪಾರದವರ ಮಗನಿಗೂ ಸಂಬಂಧ ಕುದುರಿತ್ತು. ಮದುವೆಗೆ ಮುಂಚೆ ಗಂಡು ಹೆಣ್ಣನ್ನು ಜೊತೆಯಲ್ಲಿ ನಿಲ್ಲಿಸಿ ವಿಡಿಯೋ ಮಾಡುತ್ತಾರಲ್ಲ, ಅದನ್ನು ಶೈಲಜಾಳಿಗೆ ವಹಿಸಿದ್ದರು. ಹಿರಿಯ ಹೆಂಗಸೊಬ್ಬರು ಜೊತೆಗಿದ್ದರೆ ಮಾತ್ರ ಕಳಿಸುತ್ತೇನೆ ಎಂದು ಹುಡುಗಿಯ ತಂದೆ ಪಟ್ಟು ಹಿಡಿದರಂತೆ. "ನಮ್ಮ ಅಜ್ಜಿ ಬರ್ತಾರ್ರಿ" ಎಂದು ಇವಳು ನನ್ನನ್ನು ಕೇಳದೆಯೇ ಮಾತು ಕೊಟ್ಟಳು. ಮಾತು ಕೊಟ್ಟ ಮೇಲೆ ಹೋಗದಿದ್ದರೆ ಹೇಗೆ? ನನ್ನ ಬುತ್ತಿ ನಾನು ಕಟ್ಟಿಕೊಂಡು ಹೋದೆ.

ಕಮಲಾಪುರದಾಚೆ ಕಾಲುವೆಯ ದಂಡೆ, ಪಕ್ಕದಲ್ಲಿ ಬಾಳೆ ತೋಟ. ಹುಡುಗಿಗೆ ಬಾಡಿಗೆಯ ಉದ್ದ ಗೌನು ತೊಡಿಸಿದ್ದರು, ಅದು ಅವಳಿಗಿಂತ ಮುಂಚೆ ಊರಿಗೆ ಹೋಗುವಂತಿತ್ತು. ಹುಡುಗ ವೋಟಿನ ಕಾರ್ಡಿಗೆ ಫೋಟೋ ತೆಗೆಸುವವನ ಹಾಗೆ ಕುತ್ತಿಗೆ ಬಿಗಿದು ನಿಂತಿದ್ದ. ಶೈಲಜಾಳ ಜೊತೆ ಕೆಲಸ ಮಾಡುವ, ಕ್ಯಾಮೆರಾ ಹಿಡಿಯುವ ಹುಲುಗೇಶ ಒಂದೇ ಸಮನೆ ಕೂಗುತ್ತಿದ್ದ: "ನಗ್ರಿ ಮೇಡಂ! ಇನ್ನಾ ಸ್ವಲ್ಪ ನಗ್ರಿ! ಸರ್, ನೀವೂ ನಗ್ರಿ, ಬಿಗ್ಯಾಗಬ್ಯಾಡ್ರಿ!" ಅವನು ನಗ್ರಿ ಅಂದಷ್ಟೂ ಆ ಮಕ್ಕಳ ತುಟಿ ಒಣಗುತ್ತಿತ್ತು.

ಕೊನೆಗೆ ಅವನು, "ಮೇಡಂ, ನಿಮ್ಮ ಬಗ್ಗೆ ಏನಾರ ಹೇಳ್ರಿ" ಅಂದ. ಹುಡುಗಿ ಕೈ ಮುಂದೆ ಕಟ್ಟಿಕೊಂಡು, ಹೆಬ್ಬೆರಳು ನೋಡುತ್ತಾ ಒಪ್ಪಿಸಿದಳು: ತನ್ನ ಹೆಸರು, ತಂದೆಯ ಹೆಸರು, ಬಿ.ಕಾಂ. ಪಾಸು, "ಅಡಿಗಿ ಎಲ್ಲಾ ಬರ್ತೈತ್ರಿ." ಹುಡುಗನೂ ಬಿಡಲಿಲ್ಲ. ಅವನು ತನಗೆಷ್ಟು ಎಕರೆ ತೋಟವಿದೆ ಎಂದು ಹೇಳಿದ!

ಆಗ ನನಗೆ ಹೊಳೆಯಿತು. ಹುಲುಗೇಶನ ತಪ್ಪಲ್ಲ, ಆ ಮಕ್ಕಳ ತಪ್ಪೂ ಅಲ್ಲ. ನಮ್ಮ ಕಡೆಯ ಹುಡುಗಿಯನ್ನು ಜೀವಮಾನದಲ್ಲಿ ಯಾರಾದರೂ ಕಣ್ಣು ಕೀಳದೆ ನೋಡುತ್ತಾರೆ ಎಂದರೆ ಅದು ಹೆಣ್ಣು ನೋಡಲು ಬಂದ ದಿನ. ಅವಳಿಗೆ ಕ್ಯಾಮೆರಾ ಎಂದರೆ ಚಾಪೆಯ ಮೇಲೆ ಸಾಲಾಗಿ ಕುಳಿತ ಬೀಗರು. ಪಾಸೋ ಫೇಲೋ ಎಂಬ ಭಯ. ಭಯದಲ್ಲಿ ನಗು ಎಂದರೆ ಯಾರು ನಗುತ್ತಾರೆ?

ನಾನು ಎದ್ದೆ. "ಸಾಕು ಬಿಡ್ರಿ. ಈ ಪರೀಕ್ಷಾ ನೀವಿಬ್ರೂ ಆಗ್ಲೇ ಪಾಸಾಗೀರಿ, ನಿಶ್ಚಯ ಆಗೇತಿ. ಇಲ್ಲಿ ಕುಂದ್ರಿ. ಹುಲುಗೇಶ ಹಿಡಿತಿರ್ತಾನ, ಅವನ ಕೆಲಸ ಅವಂದು. ನಿಮಗ ನಾ ಬ್ಯಾರೆ ಕೆಲಸ ಕೊಡ್ತೀನಿ." ಬುತ್ತಿ ಬಿಚ್ಚಿ ಮಂಡಕ್ಕಿ ಸುರಿದೆ. ಹುಡುಗನ ಕೈಗೆ ಚಾಕು, ಉಳ್ಳಾಗಡ್ಡಿ ಕೊಟ್ಟು ಹೆಚ್ಚು ಅಂದೆ.

"ನಾನಾ?" ಅಂದ.

"ಅಲ್ಲ, ನಿಮ್ಮಪ್ಪನ್ನ ಕರಸು."

ಹುಡುಗಿ ಕಿಸಕ್ಕೆಂದಳು. ಅವನು ಹೆಚ್ಚಿದ ಹೋಳು ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಏನ್ರೀ ಇದು, ಎಮ್ಮಿಗೆ ಹಾಕಾಕ ಹೆಚ್ಚಾಕತ್ತೀರೇನು?"

"ಮತ್ತ ಅಡಿಗಿ ಎಲ್ಲಾ ಬರ್ತೈತಿ ಅಂದೋರು ನೀವು. ತಗೋರಿ, ಹೆಚ್ರಿ!"

ಅಲ್ಲಿಂದ ಮುಂದೆ ಅವರಿಗೆ ನಾವಿದ್ದೇವೆ ಎಂಬುದೇ ಮರೆತುಹೋಯಿತು. ಉಳ್ಳಾಗಡ್ಡಿಗೆ ಅವನ ಕಣ್ಣಲ್ಲಿ ನೀರು, ಅವಳು ಗೌನಿನ ತುದಿಯಿಂದ ಒರೆಸಿದಳು. ಆ ವಿಡಿಯೋ ನೋಡಿ ಹುಡುಗಿಯ ತಂದೆ ಅತ್ತರಂತೆ. ಬಾಡಿಗೆ ಗೌನಿಗೆ ಕಲೆಯಾಯಿತು ಎಂದು ಅತ್ತರೋ ಏನೋ, ನನಗೆ ಗೊತ್ತಿಲ್ಲ.

ಆಮೇಲೆ ಬಂದವರೆಲ್ಲ "ಆ ಅಜ್ಜಿನೂ ಬರ್ತಾರೇನ್ರಿ?" ಎಂದು ಕೇಳತೊಡಗಿದರು. ನಾನು ಹೋದ ಕಡೆ ನನ್ನ ಮಾತು ನಡೆಯಬೇಕು. ಯಾರೂ ನಗ್ರಿ ಅನ್ನಬಾರದು. ಒನ್ ಟೂ ತ್ರೀ ಎಣಿಸಬಾರದು. ಕ್ಯಾಮೆರಾದ ಕೆಂಪು ದೀಪದ ಮೇಲೆ ಶೈಲಜಾ ತನ್ನ ಹಣೆಯ ಟಿಕಳಿ ಕಿತ್ತು ಅಂಟಿಸುತ್ತಾಳೆ, ಅದು ಮಿನುಗುತ್ತಿದ್ದರೆ ಮನುಷ್ಯರಿಗೆ ಅದರ ಮೇಲೇ ಕಣ್ಣು. ಪಕ್ಕದಲ್ಲಿ ನಿಂತು ಸೆರಗು ಸರಿಮಾಡಿಕೋ, ಗದ್ದ ಎತ್ತು ಎನ್ನುವ ಚಿಕ್ಕಮ್ಮಂದಿರನ್ನು ಚಹಾ ತರಲು ಕಳಿಸುತ್ತೇನೆ. ಅವರು ಬರುವುದರೊಳಗೆ ಕೆಲಸ ಮುಗಿದಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಕೈಗೆ ಅವರಿಗೆ ಗೊತ್ತಿರುವ ಕೆಲಸವಿರಬೇಕು. ಕೈ ಸುಮ್ಮನಿದ್ದರೆ ಮುಖ ಹೆದರುತ್ತದೆ.

ಹಂಪಿಯ ಎರ್ರೆಮ್ಮನ ಸುದ್ದಿಯನ್ನೂ ಕೇಳು. ಗೆಸ್ಟ್ ಹೌಸುಗಳ ಓಣಿಯಲ್ಲಿ ದೋಸೆ ಹಾಕುತ್ತಾಳೆ. ನನಗಿಂತ ದೊಡ್ಡವಳು, ಬಾಯಲ್ಲಿ ಒಂದು ಹಲ್ಲಿಲ್ಲ. ಅವಳ ಮಗ ಅಂಗಡಿಯ ವಿಡಿಯೋ ಮಾಡಿಸಲು ಕರೆದ. ಕ್ಯಾಮೆರಾ ಕಂಡದ್ದೇ ತಡ, ಸೆರಗು ಬಾಯಿಗೆ ಬಂತು. ತೆಗಿ ಎಂದು ನಾನು ಹೇಳಲಿಲ್ಲ. ತೆಗಿ ಎಂದರೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ. ಅವಳ ಚಟ್ನಿ ನೆಕ್ಕಿ ನೋಡಿ ಅಂದೆ: "ಎರ್ರೆಮ್ಮಾ, ಇದಕ್ಕ ಯಾರಾರ ಹುಣಸಿಹಣ್ಣು ಹಾಕ್ತಾರೇನು?"

ಅಷ್ಟೇ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈ ಸೊಂಟಕ್ಕೆ. ಸೆರಗು ಎಲ್ಲಿ ಹೋಯಿತೋ! "ನೀಲಗಂಗಮ್ಮಾರ, ನೀವು ದೊಡ್ಡ ಮನೆತನದೋರಿರಬಹುದು, ಚಟ್ನಿ ವಿಷಯದಾಗ ಬರಬ್ಯಾಡ್ರಿ! ಫಾರಿನ್ನೋರು ಬಟ್ಲು ನೆಕ್ಕಿ ಹೋಗ್ಯಾರ ಇಲ್ಲಿ!" ಎಂದು ನನ್ನ ನೀರಿಳಿಸಿದಳು. ಆಮೇಲೆ ವಿಡಿಯೋ ತೋರಿಸಿದರೆ ತನ್ನ ಬಾಯಿ ತಾನೇ ನೋಡಿ, "ಯವ್ವಾ, ಹಲ್ಲಿಲ್ದಾಗಲೇ ಇಷ್ಟು ಜೋರಾ? ಹಲ್ಲಿದ್ದಾಗ ನನ್ನ ಗಂಡ ಹೆಂಗ ಬಾಳ್ವಿ ಮಾಡಿದ್ನೋ ಶಿವನೇ!" ಎಂದು ಬಿದ್ದು ಬಿದ್ದು ನಕ್ಕಳು.

ಹಲ್ಲು ಬೀಳುವುದೂ ನಿನಗಾದದ್ದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅವಳದು ವಯಸ್ಸು, ನಿನ್ನದು ಹೇಳದೆ ಕೇಳದೆ ಬಂದದ್ದು. ಆ ವ್ಯತ್ಯಾಸ ನನಗೆ ಗೊತ್ತು.

ಮೊನ್ನೆ ಹುಲುಗೇಶ ಮನೆಗೆ ಬಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಅಜ್ಜೀ, ಅನ್ನಪೂರ್ಣಕ್ಕರನ್ನ ಬಲಗಡೆಯಿಂದಷ್ಟೇ ಹಿಡಿತೀನ್ರಿ. ಬೇಕಂದ್ರ ಕಂಪ್ಯೂಟರ್‌ನಾಗ ಬಾಯಿ ಸೀದಾ ಮಾಡಾಕೂ ಬರ್ತೈತಿ. ಯಾರಿಗೂ ಗೊತ್ತಾಗಂಗಿಲ್ಲ."

"ನನ್ನ ಮಗಳ ಬಾಯಿ ತಿದ್ದಾಕ ನೀ ಯಾವೂರ ಡಾಕ್ಟರಲೇ?" ಅಂದೆ. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಕೂರಿಸಿ ಪೂರ್ತಿ ಕುಡಿಸಿ ಕಳಿಸಿದೆ. ಶೈಲಜಾ ಮಾತ್ರ ಕೋಣೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೇಳಿದಳು: "ಅಜ್ಜಿ, ತಿದ್ದಿದ ಬಾಯಿ ಇಟ್ಕೊಂಡು ನಾ ಏನ್ ಮಾಡ್ಲಿ? ನನಗ ದಿನಾ ಬುತ್ತಿ ಕಟ್ಟಿ ಕೊಟ್ಟಾಕಿ ಬೇಕು." ಇದಕ್ಕೆ ಉತ್ತರ ನೀನು ಕೊಡಬೇಕಾದದ್ದು.

ಈಗ ನನ್ನ ತೀರ್ಮಾನ ಕೇಳು. ಅರಿಶಿಣಕ್ಕೆ ನೀನೇ ಕೂರುತ್ತೀ. ಅರಿಶಿಣ ಕಲೆಸುವವಳು ನೀನು, ಮಗಳ ಕೆನ್ನೆಗೆ, ಕೈಗೆ, ಪಾದಕ್ಕೆ ಹಚ್ಚುವವಳು ನೀನು. ಎರಡೂ ಕೈ ಅರಿಶಿಣದಲ್ಲಿರುವಾಗ ಸೆರಗು ಎಳೆದುಕೊಳ್ಳಲು ನಿನಗೆ ಬಿಡುವಿರುವುದಿಲ್ಲ, ಅದು ನನ್ನ ಲೆಕ್ಕ. ಮುಚ್ಚುಮರೆ ಮಾಡದೆ ಮೊದಲೇ ಹೇಳುತ್ತಿದ್ದೇನೆ. ಹುಲುಗೇಶ ಎದುರಿಗೇ ಇರುತ್ತಾನೆ, ಬಲಕ್ಕೂ ಅಲ್ಲ, ಎಡಕ್ಕೂ ಅಲ್ಲ. ನಾನು ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ನಿನಗೆ ನಗಬೇಕೆನಿಸಿದರೆ ನಗು, ಅಳಬೇಕೆನಿಸಿದರೆ ಅಳು, ಎರಡೂ ಬೇಡವಾದರೆ ನನ್ನ ಹಾಗೆ ಮುಖ ಗಂಟು ಹಾಕಿಕೊಂಡಿರು. ನನ್ನ ಮದುವೆಯ ಫೋಟೋದಲ್ಲಿ ನಾನು ನಕ್ಕಿಲ್ಲ, ಆದರೂ ನಿಮ್ಮಪ್ಪ ನನ್ನನ್ನು ಬಿಟ್ಟು ಹೋಗಲಿಲ್ಲ. ಬಂದವರಲ್ಲಿ ಯಾರಾದರೂ ಅಯ್ಯೋ ಪಾಪ ಎಂದರೆ ಅವರಿಗೆ ಊಟದ ಪಂಕ್ತಿ ಎಲ್ಲಿದೆ ಎಂದು ನಾನೇ ತೋರಿಸುತ್ತೇನೆ.

ಆಗುತ್ತದೋ ಇಲ್ಲವೋ ಎಂಬ ಅನುಮಾನ ನನಗಿಲ್ಲ. ಗುರುತು ಪರಿಚಯವಿಲ್ಲದವರನ್ನೇ ಕೂರಿಸಿ ಮಾತಾಡಿಸಿದ್ದೇನೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಧೈರ್ಯ ತುಂಬಲಾರೆನೆ? ಬರುವ ಸೋಮವಾರ ಬೆಳಗಿನ ಬಸ್ಸಿಗೆ ಸಂಡೂರಿಗೆ ಬರುತ್ತೇನೆ. ಕ್ಯಾಮೆರಾ ತರುವುದಿಲ್ಲ, ಹೆದರಬೇಡ. ರೊಟ್ಟಿಗೆ ಎಣ್ಣೆಗಾಯಿ ಮಾಡಿಡು, ನಿನ್ನ ಕೈರುಚಿ ನೋಡಿ ತಿಂಗಳುಗಳಾದವು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಇನ್ನು ಮೇಲೆ ನಿನ್ನ ಮಾತನ್ನು ಅವರ ತಲೆಯ ಮೇಲೆ ಹೊರಿಸಿ ಕಳಿಸಬೇಡ, ಪಾಪದ ಮನುಷ್ಯ. ನೀನು ತಲೆ ಎತ್ತಿಕೊಂಡು ನೂರು ವರ್ಷ ಬಾಳು, ಮಗಳ ಮಕ್ಕಳನ್ನೂ ಎತ್ತಿ ಆಡಿಸು.

ನಿನ್ನ ಅವ್ವ,
ನೀಲಗಂಗಮ್ಮ

ತಾ.ಕ.: ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಫೋನು ಮಾಡಿ ಹೇಳಬಹುದಿತ್ತಲ್ಲ ಎಂದು ನಿನಗೆ ಅನಿಸುತ್ತದೆ. ಕೊನೆಯ ಸಲ ಫೋನಿನಲ್ಲಿ ನಾನು ನಿನಗೆ ಪಕ್ಕದ ಮನೆಯ ಶಾಂತಕ್ಕನ ಮೊಮ್ಮಗನ ಜವಳದ ಸುದ್ದಿ ಹೇಳಿದ್ದೆ. ಕೂದಲು ತೆಗೆಯಲು ಬಂದವನ ಮೀಸೆಯನ್ನೇ ಕೂಸು ಹಿಡಿದುಕೊಂಡು ಬಿಡದೆ, ಅವನು ಕೂಸಿಗಿಂತ ಜೋರಾಗಿ ಅತ್ತದ್ದು. ಮೊದಲಾಗಿದ್ದರೆ ನಿನ್ನ ನಗೆಗೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಗುತ್ತಿತ್ತು. ಆ ದಿನ ನಿನ್ನ ಉಸಿರು ಒಮ್ಮೆ ಮೇಲೆ ಬಂತು, ತಕ್ಷಣ ಸೀರೆ ಸರಿದ ಸದ್ದಾಯಿತು. ನೀನು ಸೆರಗನ್ನು ಬಾಯಿಗೆ ಒತ್ತಿಕೊಂಡೆ ಎಂದು ನನಗೆ ತಿಳಿಯಿತು. ಆಮೇಲೆ, "ಹೂಂ ಅವ್ವ, ಮತ್ತೇನು?" ಅಂದೆ. ಮನೆಯಲ್ಲಿ ನೀನೊಬ್ಬಳೇ ಇದ್ದೆ. ಫೋನಿನಲ್ಲಿ ನನಗೆ ನಿನ್ನ ಬಾಯಿ ಕಾಣುತ್ತಿರಲಿಲ್ಲ. ಅಂದಿನಿಂದ ನಿನ್ನ ನಂಬರು ಒತ್ತಲು ನನಗೆ ಕೈ ಬರುತ್ತಿಲ್ಲ. ಕ್ಯಾಮೆರಾದ ಮುಂದೆ ನೀನು ನಗದಿದ್ದರೆ ಏನೂ ಮುಳುಗುವುದಿಲ್ಲ, ಅನ್ನಪೂರ್ಣ. ನನ್ನ ಹತ್ತಿರವೂ ನಗದಿದ್ದರೆ ಅದನ್ನು ಮಾತ್ರ ನಾನು ತಾಳಲಾರೆ.