ಒಳಮಗ್ಗುಲಿನ ಹೊಲಿಗೆ

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಮೊದಲು ನೀನು ಹೇಗಿದ್ದೀಯ ಹೇಳು. ಫೋನಿನಲ್ಲಿ ಹೇಳುವ ‘ನಂಗೇನಾಗಿದೆ, ಗುಂಡುಕಲ್ಲಿದ್ದಂಗಿದೀನಿ’ ಬೇಡ, ನಿಜ ಹೇಳು.

ನಾನು ಈ ಊರು ಸೇರಲು ತಗುಲಿದ್ದನ್ನು ಇವತ್ತು ಕೂತು ಲೆಕ್ಕ ಹಾಕಿದೆ. ನಿನ್ನ ಹೊಲಿಗೆ ಯಂತ್ರ, ನಿನ್ನ ಓಲೆ, ನಿನ್ನ ರೇಷ್ಮೆ ಸೀರೆ. ನನ್ನ ಪಾಲಿಗೆ ಒಂದು ಟ್ರಂಕು, ಅದೂ ಭಾವನದು. ಬದಲಿಗೆ ಇಲ್ಲಿ ರಸ್ತೆಗೆ ಮುಖ ಮಾಡಿದ ಅಂಗಡಿ, ಸೋರದ ಮನೆ. ಹೆಂಡತಿಯ ಬೈಗುಳ ಬಿಟ್ಟರೆ ಯಾವ ಕಾಟವೂ ಇಲ್ಲ (ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ, ‘ಬರೀರಿ, ಬರೀರಿ’ ಅನ್ನುತ್ತಿದ್ದಾಳೆ). ದೇವರಿಗಿಂತ ಮೊದಲು ನಿನಗೆ ಕೈಮುಗಿಯಬೇಕು.

ಗಿರಾಕಿಗಳು ‘ಹೋದ ವರ್ಷದ ಅಳತೆಗೇ ಹೊಲಿದುಬಿಡಿ’ ಎಂದರೆ ನಾನು ಒಪ್ಪುವುದಿಲ್ಲ, ಮತ್ತೆ ಟೇಪು ಹಿಡಿಯುತ್ತೇನೆ. ‘ಮೈ ಒಂದೇ ಥರ ಇರಲ್ವೋ, ಹಳೇ ಅಳತೆ ನಂಬಬೇಡ’ ಎಂದು ತಲೆಗೆ ಮೊಟಕಿ ಕಲಿಸಿದವಳು ನೀನು. ನಿನಗೆ ಮಾತ್ರ, ಹೊರಡುವಾಗ ಟ್ರಂಕಿಗೆ ಹಾಕಿದ್ದೆಯಲ್ಲ, ಆ ಅಳತೆ ರವಿಕೆ ಇಟ್ಟುಕೊಂಡೇ ವರ್ಷ ವರ್ಷವೂ ಹೊಲಿದು ಕಳಿಸಿದೆ. ನನ್ನ ಮಟ್ಟಿಗೆ ನೀನು ಬಸ್ಸಿನ ಹಿಂದೆ ಕೈಬೀಸುತ್ತ ನಿಂತ ಅಕ್ಕನೇ, ತುಂಬಿದ ತೋಳಿನವಳು. ‘ಹೇಳಿ ಮಾಡಿಸಿದಂಗೆ ಕೂತಿದೆ ಕಣೋ’ ಎನ್ನುತ್ತಿದ್ದೆ. ನಾನು ಉಬ್ಬಿಹೋಗುತ್ತಿದ್ದೆ.

ಮೊನ್ನೆ ಭಾವ, ಇತ್ತ ಬರುವವರೊಬ್ಬರ ಕೈಯಲ್ಲಿ ನಾನು ಹೊಲಿದ ಆ ರವಿಕೆಗಳಲ್ಲೊಂದನ್ನು ಕಳಿಸಿದ್ದಾರೆ. ‘ಇನ್ಮೇಲೆ ಈ ಅಳತೆಗೆ ಹೊಲಿ. ನಾ ಹೇಳ್ದೆ ಅಂತ ಗೊತ್ತಾದ್ರೆ ಅವಳು ಸುಮ್ನೆ ಬಿಡಲ್ಲ’ ಎಂದು ಹೇಳಿಕಳಿಸಿದ್ದಾರೆ. ರವಿಕೆಯ ಒಳಮಗ್ಗುಲು ತಿರುಗಿಸಿದೆ. ಎರಡೂ ಪಕ್ಕದಲ್ಲಿ ಸಾಲು ಸಾಲು ಕೈಹೊಲಿಗೆ. ಯಂತ್ರ ಮಾರಿದವಳಲ್ಲವೇ ನೀನು. ಮೊದಲ ಸಾಲು ನೆಟ್ಟಗಿದೆ. ಆಮೇಲಿನವು ಒಳಗೊಳಗೆ ಸರಿದಿವೆ, ದಾರ ನಡುಗಿದೆ. ಕೊನೆಗೆ ಸೂಜಿ ಹಿಡಿಯಲಾರದೆ ಪಿನ್ನು ಚುಚ್ಚಿದ್ದೀಯ. ಕಾಯಿಲೆ ನಿನ್ನನ್ನು ಎಷ್ಟೆಷ್ಟು ತಿಂದಿದೆ ಎಂಬುದೆಲ್ಲ ಬಟ್ಟೆಯ ಮೇಲಿದೆ. ಮುಚ್ಚಿಡಲು ನಿನಗೆ ಒಬ್ಬ ದರ್ಜಿಯೇ ಸಿಕ್ಕಿದನೇ ಅಕ್ಕಾ?

ಭಾವನನ್ನು ಬೈಯಬೇಡ. ಅವರಿಗೆ ನನ್ನ ನಮಸ್ಕಾರ. ಮಾತ್ರೆ ತಪ್ಪಿಸಬೇಡ. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಮೊಟಕುವುದಕ್ಕಾದರೂ.

ನಿನ್ನ ತಮ್ಮ,
ನೀನು ಕರೆಯುವ ದಾರದುಂಡೆ

ತಾ.ಕ.: ‘ಬಂದೇನು ಮಾಡ್ತೀಯ, ಅಂಗಡಿ ನೋಡ್ಕೋ’ ಅನ್ನಬೇಡ, ಬೀಗ ಹಾಕಿದ್ದೇನೆ. ಈ ಕಾಗದ ತಂದವರ ಹಿಂದೆಯೇ ಬರುತ್ತಿದ್ದೇನೆ. ಟೇಪು ಜೇಬಿನಲ್ಲಿದೆ. ಎದ್ದು ನಿಲ್ಲಲಾಗದಿದ್ದರೆ ಮಲಗಿರು, ಹಾಗೆಯೇ ಅಳೆಯುತ್ತೇನೆ. ನಾನು ಬರುವವರೆಗೆ ಇರು, ಅಷ್ಟು ಸಾಕು. ನಾನು ಪರಊರಿಗೆ ಬಂದದ್ದರಿಂದ ನಮಗೆ ಸಿಕ್ಕಿದ್ದಿಷ್ಟು: ನನಗೆ ಕಸುಬು, ಅಂಗಡಿ, ಮನೆ. ಭಾವನಿಗೆ ನಿನ್ನ ಹಾಸಿಗೆ ಪಕ್ಕದ ಸ್ಟೂಲು. ನಿನಗೆ ಸಡಿಲ ರವಿಕೆ.