ಡ್ರಮ್ಮಿನ ಲೋಳೆ ತೊಳೆಯಬೇಡಿ

ಅತ್ತೆ,

ನೀರು ತಿಳಿಯಾಗಿದೆ! ಹಿತ್ತಿಲಲ್ಲಿ ನೀರು ಸೋಸಲು ಇಟ್ಟ ಮರಳಿನ ಡ್ರಮ್ಮಿನ ನಲ್ಲಿ ತಿರುವಿ, ಗಾಜಿನ ಲೋಟಕ್ಕೆ ಹಿಡಿದು ಬಿಸಿಲಿಗೆ ಎತ್ತಿ ನೋಡಿದೆ. ಜಾಲಿಕಾಯಿ ಉದುರಿ ಉದುರಿ ಚಹಾದಂತಾಗಿದ್ದ ನಮ್ಮ ಬಾವಿ ನೀರಿಗೆ ಈಗ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೀವು ಗುಡಿಯಿಂದ ಬರುವ ತನಕ ಬಸ್ಸು ಕಾಯುವುದಿಲ್ಲ, ಅದಕ್ಕೇ ಈ ಚೀಟಿ.

ಇವತ್ತು ಅಮಾವಾಸ್ಯೆ. ಮನೆಯ ಪಾತ್ರೆ ಪಡಗ ಎಲ್ಲ ತಿಕ್ಕುತ್ತೀರಿ, ತಿಕ್ಕಿ. ಡ್ರಮ್ಮಿಗೆ ಮಾತ್ರ ಕೈ ಹಚ್ಚಬೇಡಿ. ಹೋದ ಅಮಾವಾಸ್ಯೆಗೆ "ಥೂ, ಮರಳ ಮೇಲೆ ಲೋಳೆ ಕಟ್ಟೈತೆ" ಎಂದು ಮರಳು, ಇದ್ದಿಲು ಎಲ್ಲ ತೊಳೆದಿಟ್ಟಿರಿ. ತಿಳಿಯಾಗುತ್ತಿದ್ದ ನೀರು ಮರುದಿನ ಮತ್ತೆ ಚಹಾ! ಆ ಲೋಳೆಯೊಳಗಿನ ಸಣ್ಣ ಜೀವಿಗಳೇ ಬಣ್ಣ ತಿನ್ನುವುದು, ಅತ್ತೆ. ನಿಮ್ಮ ಹೆಪ್ಪಿನ ಕುಡಿಕೆಯನ್ನು ನಾನು ಬೂದಿ ಹಚ್ಚಿ ತಿಕ್ಕಿದರೆ ಸುಮ್ಮನಿರುತ್ತೀರಾ? ಇದೂ ಹೆಪ್ಪೇ.

ಮರಳು ಒಣಗಬಾರದು. ಮಧ್ಯಾಹ್ನ ಒಂದು ಕೊಡ ಬಾವಿ ನೀರನ್ನು ಡ್ರಮ್ಮಿನ ಬಾಯಿಗಿಟ್ಟ ತೂತಿನ ತಟ್ಟೆಯ ಮೇಲೆ ಮೆಲ್ಲಗೆ ಸುರಿಯಿರಿ. ಕುಡಿಯುವುದನ್ನು ಕುದಿಸಿ ಆರಿಸಿ.

ನಾನು ರಾಂಪುರಕ್ಕೆ ಹೋಗಿ ಸಂಜೆ ಬರುತ್ತೇನೆ. "ನಿಮ್ಮನೇಲಿ ಚಾಪುಡಿ ಖರ್ಚೇ ಇಲ್ಲ ಬಿಡವ್ವ" ಎಂದು ನಕ್ಕಿದ್ದನಲ್ಲ ನಮ್ಮಣ್ಣ, ಅವನ ಮುಂದೆ ಒಂದು ಬಾಟಲಿ ಇಟ್ಟು ಬರಬೇಕು.

ಲಿಂಗಪೂಜೆಯ ನೀರಿಗೆಂದು ಊರಾಚೆಯ ಬೋರಿಗೆ ಕೊಡ ಹೊತ್ತು ಹೋಗಬೇಡಿ. ದೇವರ ಮನೆಯಲ್ಲಿ ನಿಮ್ಮ ತಾಮ್ರದ ತಂಬಿಗೆ ತುಂಬಿಟ್ಟಿದ್ದೇನೆ. ಬಗ್ಗಿ ನೋಡಿ, ತಳದ ತೇಪೆ ಕಾಣಿಸುತ್ತದೆ. ಅದು ಮೀಸಲು. ನಾನಿನ್ನೂ ಒಂದು ಹನಿಯೂ ಬಾಯಿಗೆ ಹಾಕಿಲ್ಲ.

ಶೈಲಜಾ